ಮನೆಯ ಸುತ್ತಲಿನ ವನ್ಯಜೀವಿಗಳು: ಓಡಿಸುವ ಮೊದಲು ನೋಡಬೇಕಾದದ್ದು

(ಶಿರಸಿಯ ಹೊರವಲಯದ ಬಡಾವಣೆಗಳ ನಿವಾಸಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ತಾಯಂದಿರೇ, ಗೆಳೆಯರೇ,

ಈ ಭಾಗದಲ್ಲಿ ನಾಲ್ಕು ಜನ ಕೂತರೆ ಮಾತು ಬಂದು ನಿಲ್ಲುವುದು ಒಂದೇ ವಿಷಯಕ್ಕೆ. ಮಂಗಗಳು ಹಂಚು ಒಡೆದವು, ಅಟ್ಟದ ಮೇಲೆ ರಾತ್ರಿಯಿಡೀ ಏನೋ ಓಡಾಡುತ್ತದೆ, ಬಚ್ಚಲ ಮೋರಿಯಲ್ಲಿ ಹಾವು ಕಂಡಿತು, ಹಿತ್ತಲಿನ ಗೆಣಸಿನ ಸಾಲನ್ನು ಹಂದಿ ಎಬ್ಬಿಸಿತು, ಕಟ್ಟಿದ್ದ ನಾಯಿ ಬೆಳಗಾಗುವುದರೊಳಗೆ ಕಾಣೆಯಾಯಿತು. ಈ ದೂರುಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಷವಿಡೀ ನೀರೆರೆದು ಬೆಳೆಸಿದ ಬಾಳೆಗೊನೆ ಅರ್ಧ ತಾಸಿನಲ್ಲಿ ನೆಲ ಕಂಡಾಗ ಆಗುವ ಸಂಕಟವನ್ನು, ಮಳೆ ಸುರಿಯುವ ಹೊತ್ತಿನಲ್ಲಿ ಒಡೆದ ಹಂಚಿನ ಕೆಳಗೆ ಬೋಗುಣಿ ಇಡುವ ಗೃಹಿಣಿಯ ಸಿಟ್ಟನ್ನು, ಕಾಡಿನ ಮಹಿಮೆ ಹೇಳಿ ಸಮಾಧಾನಪಡಿಸಲು ಹೋಗುವುದು ಸರಿಯಲ್ಲ. ಆದರೆ ಆ ಸಿಟ್ಟಿನಲ್ಲಿ ನಾವು ಕೈಗೊಳ್ಳುವ ಕ್ರಮಗಳಲ್ಲಿ ಹೆಚ್ಚಿನವು ಹಣವನ್ನೂ ಶ್ರಮವನ್ನೂ ತಿಂದು, ಮುಂದಿನ ವರ್ಷಕ್ಕೆ ತೊಂದರೆಯನ್ನು ಹಾಗೆಯೇ ಉಳಿಸುತ್ತವೆ ಎಂಬುದನ್ನು ಇಂದು ವಿವರವಾಗಿ ಹೇಳಬೇಕೆಂದಿದ್ದೇನೆ.

ನನ್ನ ಮಾತಿನ ತಿರುಳು ಇಷ್ಟೇ. ಮನೆಗೆ ಬರುವ ಕಾಡುಪ್ರಾಣಿ ಮನೆ ಕೊಡುವ ಯಾವುದೋ ಒಂದಕ್ಕಾಗಿ ಬರುತ್ತದೆ. ಅದು ಆಹಾರವಾಗಿರಬಹುದು, ನೀರಾಗಿರಬಹುದು, ಮರಿ ಹಾಕಲು ಬೆಚ್ಚನೆಯ ಮೂಲೆಯಾಗಿರಬಹುದು, ಇಲ್ಲವೇ ನಮ್ಮ ಅಂಗಳವೇ ಅದರ ಹಳೆಯ ದಾರಿಯಾಗಿರಬಹುದು. ಕಾರಣವನ್ನು ಹಾಗೆಯೇ ಬಿಟ್ಟು ಪ್ರಾಣಿಯನ್ನು ಮಾತ್ರ ತೆಗೆದರೆ, ಆ ಜಾಗಕ್ಕೆ ಇನ್ನೊಂದು ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ವಿಷಯ ಬೇರೆ ಊರುಗಳಿಗಿಂತ ತೀಕ್ಷ್ಣವಾಗಲು ಕಾರಣವಿದೆ. ಹತ್ತು ಸಾವಿರ ಚದರ ಕಿಲೋಮೀಟರಿಗೆ ಮಿಕ್ಕಿದ ಉತ್ತರ ಕನ್ನಡದ ಬಹುಪಾಲು ನೆಲ ಅರಣ್ಯ. ಘಟ್ಟದ ಮೇಲೆ ಊರು ಎಂದರೆ ಕಣಿವೆಯ ತೋಟ, ಅದರ ಮೇಲೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ, ಅದರಾಚೆ ದಟ್ಟ ಕಾಡು. ಕಾಡು ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಶಿರಸಿ ಪೇಟೆ ಬೆಳೆಯುತ್ತ ಬಂದಂತೆ ಬೇಣ, ಗದ್ದೆ, ಹಳೆಯ ತೋಟಗಳ ಮೇಲೆ ಬಡಾವಣೆಗಳು ಎದ್ದವು. ಅಲ್ಲಿ ಹರಿಯುತ್ತಿದ್ದ ಹಳ್ಳ ಸಿಮೆಂಟಿನ ಗಟಾರವಾಯಿತು. ಆದರೆ ಆ ಹಳ್ಳದ ಗುಂಟ ಓಡಾಡುತ್ತಿದ್ದ ಮುಂಗುಸಿ, ಉಡ, ಕೇರೆಹಾವುಗಳಿಗೆ ಬೇರೆ ದಾರಿ ಸಿಗಲಿಲ್ಲ. ಕರಾವಳಿಯಲ್ಲಿ ಪರಿಸ್ಥಿತಿ ಇನ್ನಷ್ಟು ಇಕ್ಕಟ್ಟು. ಕಾರವಾರದಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ನಡುವಿನ ಕಿರಿದಾದ ಪಟ್ಟಿಯಲ್ಲಿ ಹೆದ್ದಾರಿ, ಮನೆ, ಮಾರುಕಟ್ಟೆ ಎಲ್ಲವೂ ತುಂಬಿರುವಾಗ ಗುಡ್ಡದಿಂದ ಇಳಿದ ಪ್ರಾಣಿ ನೇರವಾಗಿ ಯಾರದೋ ಹಿತ್ತಲಿಗೇ ಕಾಲಿಡುತ್ತದೆ.

ಕಾನೂನಿನ ಮಾತನ್ನು ಮೊದಲಿಗೇ ಮುಗಿಸಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ವಿಷ ಇಡುವುದು, ಆಮಿಷವೊಡ್ಡುವುದು, ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗೂಡುಗಳನ್ನು ಹಾಳುಗೆಡವುವುದು ಕೂಡ ಬೇಟೆಯೇ. ಮಂಗ, ಹಾವು, ಕಬ್ಬೆಕ್ಕು, ಚಿರತೆ, ಮುಳ್ಳುಹಂದಿ, ಉಡ ಎಲ್ಲಕ್ಕೂ ಈ ರಕ್ಷಣೆ ಇದೆ. ನಮ್ಮ ಜಮೀನಿನಲ್ಲಿ, ನಮ್ಮ ಮನೆಯೊಳಗೆ ಹಿಡಿದೆವು ಎಂಬ ಸಮರ್ಥನೆ ಅಲ್ಲಿ ನಿಲ್ಲುವುದಿಲ್ಲ. ಪ್ರಾಣಕ್ಕೆ ಸಂಚಕಾರ ಬಂದಾಗ ಆತ್ಮರಕ್ಷಣೆಗಾಗಿ ಮಾಡಿದ್ದಕ್ಕೆ ಕಾಯ್ದೆ ವಿನಾಯಿತಿ ಕೊಡುತ್ತದೆ. ಬಾಳೆಗೊನೆಯ ರಕ್ಷಣೆಗೆ ಕೊಡುವುದಿಲ್ಲ. ಹಿಂದೆ ಇಲಿ, ಹೆಗ್ಗಣ, ಕಾಗೆ ಮತ್ತು ಹಣ್ಣು ತಿನ್ನುವ ಬಾವಲಿಗಳನ್ನು ಉಪದ್ರವಕಾರಿಗಳೆಂದು ಐದನೆಯ ಅನುಸೂಚಿಯಲ್ಲಿ ಸೇರಿಸಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ಕೈಬಿಡಲಾಗಿದೆ. ಮನೆಯ ಇಲಿ ನಿಯಂತ್ರಣಕ್ಕೆ ಯಾರ ಅಡ್ಡಿಯೂ ಇಲ್ಲ. ಉಳಿದವುಗಳ ವಿಷಯದಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಕೈ ಹಾಕಬಾರದು. ಇಲಾಖೆಯ ಸಹಾಯವಾಣಿ 1926.

ಈಗ ಮಂಗಗಳ ವಿಷಯಕ್ಕೆ ಬರುತ್ತೇನೆ. ಇಂದಿನ ಸಭೆ ಸೇರಿರುವುದೇ ಅದಕ್ಕಾಗಿ ಎಂದು ನನಗೆ ಗೊತ್ತಿದೆ.

ನಮ್ಮಲ್ಲಿ ಎರಡು ಬಗೆಯ ಮಂಗಗಳು ಮನೆಯ ಬಳಿಗೆ ಬರುತ್ತವೆ. ಕರಿಮೋರೆಯ, ಉದ್ದ ಬಾಲದ ಮುಸಿಯ ಮುಖ್ಯವಾಗಿ ಎಲೆ, ಚಿಗುರು, ಹೂವು, ಕಾಯಿ ತಿನ್ನುತ್ತದೆ. ಎಲೆಯನ್ನು ಕೊಳೆಯಿಸಿ ಜೀರ್ಣಿಸಿಕೊಳ್ಳಲು ಬೇಕಾದ ಹಲವು ಕೋಣೆಗಳ ಹೊಟ್ಟೆ ಅದಕ್ಕಿದೆ. ಕೆಂಪು ಮೋರೆಯ, ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿದ ಸಾಮಾನ್ಯ ಮಂಗ ಏನನ್ನಾದರೂ ತಿನ್ನಬಲ್ಲದು. ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಓಡಿ, ಮರದ ಮೇಲೆ ಕೂತು ನಿಧಾನವಾಗಿ ಅಗಿಯಬಲ್ಲದು. ಅಡುಗೆಮನೆಗೆ ನುಗ್ಗುವುದು, ಕೈಯಲ್ಲಿನ ಚೀಲ ಕಸಿಯುವುದು ಬಹುಮಟ್ಟಿಗೆ ಈ ಎರಡನೆಯದರ ಕೆಲಸ. ಈ ಮಂಗ ದಕ್ಷಿಣ ಭಾರತವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಮಂಗಗಳ ಸಂಖ್ಯೆ ಮಿತಿಮೀರಿದೆ ಎಂಬ ಮಾತು ಎಲ್ಲೆಡೆ ಕೇಳುತ್ತದೆಯಾದರೂ, ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ಮೈಸೂರಿನ ಸುತ್ತಲ ಹೆದ್ದಾರಿಗಳಲ್ಲಿ ವರ್ಷಗಟ್ಟಲೆ ಎಣಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ, 25 ವರ್ಷಗಳಲ್ಲಿ ಅಲ್ಲಿನ ಮಂಗಗಳು ಶೇಕಡಾ 65ಕ್ಕಿಂತ ಹೆಚ್ಚು ಇಳಿದಿವೆ ಎಂದು ತೋರಿಸಿತು. ರಸ್ತೆ ಅಗಲಿಸಲು ಸಾಲುಮರಗಳನ್ನು ಕಡಿದದ್ದು, ಜನ ಮಂಗಗಳನ್ನು ಹಿಡಿದು ಸಾಗಿಸಿದ್ದು ಅದಕ್ಕೆ ಕಾರಣವೆಂದು ಅವರು ಗುರುತಿಸಿದರು. ಆಲ, ಬಸರಿ, ಅತ್ತಿ ಮರಗಳು ಹೋದ ಮೇಲೆ ಉಳಿದ ಮಂಗಗಳು ಊರಿನಲ್ಲಿ ಒತ್ತಾಗಿ ಕಾಣುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಆ ಒತ್ತು ಮಾತ್ರ.

ಈ ಒತ್ತನ್ನು ಹೆಚ್ಚಿಸುವುದರಲ್ಲಿ ನಮ್ಮ ಪಾಲೂ ಇದೆ. ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ, ಅಂಕೋಲಾ–ಯಲ್ಲಾಪುರ ದಾರಿಯ ಅರಬೈಲು ಘಟ್ಟದಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು, ಬಿಸ್ಕೀಟು ಎಸೆಯುವವರಿದ್ದಾರೆ. ಭಕ್ತಿಯಿಂದ ಹಾಕುತ್ತೇವೆ ಎನ್ನುವವರನ್ನು ನಾನು ನೋಯಿಸಲಾರೆ. ಆದರೆ ಪರಿಣಾಮವನ್ನು ಹೇಳದೆ ಇರಲಾರೆ. ಹೆಣ್ಣು ಮಂಗಗಳು ಹುಟ್ಟಿದ ಗುಂಪಿನಲ್ಲಿಯೇ ಬದುಕು ಕಳೆಯುತ್ತವೆ, ಗಂಡುಗಳು ಗುಂಪು ಬದಲಿಸುತ್ತವೆ. ಹೀಗಾಗಿ ಎಲ್ಲಿ ಸುಲಭದ ಆಹಾರವಿದೆ, ಯಾವ ಮನೆಯ ಕಿಟಕಿ ತೆರೆದಿರುತ್ತದೆ ಎಂಬ ತಿಳಿವಳಿಕೆ ತಾಯಿಯಿಂದ ಮರಿಗೆ ಗುಂಪಿನೊಳಗೇ ಸಾಗುತ್ತದೆ. ಕೈಯಿಂದ ಹಣ್ಣು ಪಡೆದು ಬೆಳೆದ ಮರಿ ಮನುಷ್ಯರ ಕೈಗೆ ಹೆದರುವುದಿಲ್ಲ. ಹೆದರಿಕೆ ಹೋದ ಮಂಗವೇ ಮುಂದೆ ಮಗುವಿನ ಕೈಯ ತಿಂಡಿಗೆ ಹಾರುತ್ತದೆ, ಕಚ್ಚುತ್ತದೆ. ಹತ್ತಿರದಲ್ಲಿಯೇ ಸಿಹಿ, ಹಿಟ್ಟಿನ ಆಹಾರ ಸಿಕ್ಕಿದಷ್ಟೂ ಗುಂಪು ಕಾಡಿನ ಹಣ್ಣು ಹುಡುಕಿ ಅಲೆಯುವುದನ್ನು ಕಡಿಮೆ ಮಾಡುತ್ತದೆ.

ಹಿಡಿದು ದೂರ ಬಿಟ್ಟು ಬರಬಾರದೇ ಎಂದು ಇಲ್ಲಿ ಹಲವರು ಕೇಳಿದ್ದೀರಿ. ಮಂಗ ಹಿಡಿಯುವವರನ್ನು ಕರೆಸಿ ದುಡ್ಡು ಕೊಟ್ಟು ಲಾರಿಯಲ್ಲಿ ಸಾಗಿಸಿದ ಊರುಗಳೂ ಇವೆ. ಅದು ಕಾನೂನಿಗೆ ವಿರುದ್ಧವೆಂಬುದು ಒಂದು ಮಾತಾದರೆ, ಫಲ ಕೊಡುವುದಿಲ್ಲವೆಂಬುದು ಇನ್ನೊಂದು. ಪೇಟೆಯ ಆಹಾರಕ್ಕೆ ಒಗ್ಗಿದ ಗುಂಪನ್ನು ಕಾಡಿನಲ್ಲಿ ಬಿಟ್ಟರೆ ಅದು ಕಾಡಿನಲ್ಲಿ ಉಳಿಯುವುದಿಲ್ಲ. ಹತ್ತಿರದ ಹಳ್ಳಿಯನ್ನು ಹುಡುಕಿಕೊಂಡು ಹೋಗುತ್ತದೆ. ನಮ್ಮ ತೊಂದರೆಯನ್ನು ಯಾವುದೋ ಹಳ್ಳಿಯ ಬಡ ತೋಟಿಗನ ತಲೆಗೆ ಕಟ್ಟಿದಂತಾಯಿತು. ಇತ್ತ ನಮ್ಮ ಬಡಾವಣೆಯ ಕಸದ ರಾಶಿ, ಹಣ್ಣಿನ ಮರ ಹಾಗೆಯೇ ಇರುವುದರಿಂದ ಪಕ್ಕದ ಗುಂಪು ಖಾಲಿ ಜಾಗಕ್ಕೆ ಸರಿದು ಬರುತ್ತದೆ. ಕೊಲ್ಲಲು ಅನುಮತಿ ಸಿಕ್ಕಿದ ಕಡೆಯೂ ಇದು ಬಗೆಹರಿದಿಲ್ಲ. ಹಿಮಾಚಲ ಪ್ರದೇಶದ ಶಿಮ್ಲಾದಲ್ಲಿ 2016ರಲ್ಲಿ ಅಲ್ಲಿನ ಮಂಗವನ್ನು ಕೇಂದ್ರ ಸರ್ಕಾರ ಉಪದ್ರವಕಾರಿ ಎಂದು ಘೋಷಿಸಿತು. ಆದರೆ ಕೊಲ್ಲಲು ಮುಂದೆ ಬಂದವರು ಬಲು ಕಡಿಮೆ. ಸಂತಾನಹರಣ ಚಿಕಿತ್ಸೆಯನ್ನೂ ಆ ರಾಜ್ಯ ದೊಡ್ಡ ಪ್ರಮಾಣದಲ್ಲಿ ಮಾಡಿದೆ. ಅದು ವರ್ಷಗಟ್ಟಲೆ ಬಿಡದೆ ನಡೆಯಬೇಕಾದ ಸರ್ಕಾರಿ ಕೆಲಸ. ನಮ್ಮ ಕೈಯಲ್ಲಿರುವುದು ಬೇರೆ.

ನಮ್ಮ ಕೈಯಲ್ಲಿರುವುದು ಆಹಾರದ ದಾರಿಯನ್ನು ಮುಚ್ಚುವುದು. ಹಸಿ ಕಸವನ್ನು ಮುಚ್ಚಳ ಭದ್ರವಾಗಿರುವ ಡಬ್ಬದಲ್ಲಿಟ್ಟು, ನಗರಸಭೆಯ ಗಾಡಿ ಬಂದಾಗ ಮಾತ್ರ ಹೊರಗೆ ತರಬೇಕು. ಪೇರಲೆ, ಪಪ್ಪಾಯಿ, ಚಿಕ್ಕುಗಳನ್ನು ಮರದಲ್ಲಿಯೇ ಹಣ್ಣಾಗಲು ಬಿಡದೆ ಬಲಿತೊಡನೆ ಕೊಯ್ಯಬೇಕು. ಬಿದ್ದ ಹಣ್ಣನ್ನು ಅಂದಂದೇ ಆರಿಸಬೇಕು. ಒಂಟಿಯಾಗಿ ನಿಂತ ತೆಂಗಿನ ಮರದ ಕಾಂಡಕ್ಕೆ ಮೂರು ಅಡಿ ಅಗಲದ ನುಣುಪಾದ ತಗಡನ್ನು ಆಳೆತ್ತರಕ್ಕಿಂತ ಮೇಲೆ ಸುತ್ತಿದರೆ ಮಂಗ ಹತ್ತಲಾರದು, ಇಲಿಯೂ ಹತ್ತಲಾರದು. ಆದರೆ ಪಕ್ಕದ ಮರದಿಂದ, ಮಾಡಿನಿಂದ ಹಾರಿ ಬರುವಂತಿದ್ದರೆ ತಗಡಿನಿಂದ ಉಪಯೋಗವಿಲ್ಲ. ಆದ್ದರಿಂದ ಮಾಡಿಗೆ ತಾಗುವ ಕೊಂಬೆಗಳನ್ನು ಮಳೆಗಾಲಕ್ಕೆ ಮೊದಲೇ ಸವರಬೇಕು. ಅಡುಗೆಮನೆಯ ಕಿಟಕಿಗೆ ಗಟ್ಟಿ ಕಬ್ಬಿಣದ ಜಾಳಿಗೆ ಬೇಕು. ಸೊಳ್ಳೆ ಪರದೆ ಸಾಲದು. ನೀರಿನ ಟ್ಯಾಂಕಿನ ಮುಚ್ಚಳವನ್ನು ಕಟ್ಟಬೇಕು. ಗರ್ನಾಲು ಹೊಡೆಯುವುದು, ಹುಲಿಯ ಗೊಂಬೆ ಇಡುವುದು, ಧ್ವನಿಮುದ್ರಿತ ಗರ್ಜನೆ ಹಾಕುವುದು ಕೆಲವು ದಿನ ನಡೆಯುತ್ತದೆ. ಅಪಾಯವಿಲ್ಲವೆಂದು ಗೊತ್ತಾದ ಮೇಲೆ ಮಂಗಗಳು ಅದರ ಪಕ್ಕದಲ್ಲಿಯೇ ಕೂರುತ್ತವೆ. ಬೆದರಿಕೆ ಕೆಲಸ ಮಾಡಬೇಕಾದರೆ ಗುಂಪು ಬಂದ ತಕ್ಷಣ, ತಿನ್ನಲು ಏನೂ ಸಿಗುವ ಮೊದಲೇ, ಎಲ್ಲ ಮನೆಯವರೂ ಹೊರಗೆ ಬಂದು ಅಟ್ಟಬೇಕು. ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಎಚ್ಚರವಹಿಸಿ ಒಬ್ಬರು ನಿತ್ಯ ಅನ್ನ ಹಾಕುತ್ತಿದ್ದರೆ ಒಂಬತ್ತು ಮನೆಯ ಶ್ರಮ ನೀರಿಗೆ ಹೋದಂತೆ.

ಎದುರಿಗೆ ಬಂದಾಗ ದಿಟ್ಟಿಸಿ ನೋಡಬೇಡಿ, ಹಲ್ಲು ಕಾಣುವಂತೆ ನಗಬೇಡಿ. ಇವೆರಡೂ ಅದಕ್ಕೆ ಸವಾಲಿನಂತೆ. ಬೆನ್ನು ತೋರಿಸಿ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ಮರಿಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ತಾಸು ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಯಿ ಕಡಿತಕ್ಕೆ ಕೊಡುವ ರೇಬೀಸ್ ಲಸಿಕೆಯೇ ಇದಕ್ಕೂ ಬೇಕಾಗುತ್ತದೆ. ಸುಣ್ಣ, ಅರಿಸಿನ ಹಚ್ಚಿ ಮನೆಯಲ್ಲಿ ಕೂರುವಂತಿಲ್ಲ.

ಮಂಗನ ಕಾಯಿಲೆಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೂ ಅದನ್ನು ಹರಡುವುದು ಮಂಗವೇ ಎಂಬ ತಪ್ಪು ತಿಳಿವಳಿಕೆಯನ್ನು ತೆಗೆಯಬೇಕಾಗಿದೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಹರಡುವುದು ಉಣ್ಣೆಯಿಂದ. ಮಂಗಗಳೂ ನಮ್ಮಂತೆಯೇ ಅದಕ್ಕೆ ಬಲಿಯಾಗುವ ಪ್ರಾಣಿಗಳು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣ್ಣೆಗಳು ಕೆಳಗುದುರಿ ಸುತ್ತಲಿನ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಸೇರಿಕೊಳ್ಳುತ್ತವೆ, ಆದ್ದರಿಂದ ಹೆಣದ ಸುತ್ತಲಿನ ಜಾಗವೇ ಅಪಾಯದ್ದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಬೆಟ್ಟದಲ್ಲಿ ಅಥವಾ ಹಿತ್ತಲಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ, ಹೂಳಲೂ ಹೋಗದೆ, ಆರೋಗ್ಯ ಇಲಾಖೆಗೆ ಮತ್ತು ಅರಣ್ಯ ಇಲಾಖೆಗೆ ತಿಳಿಸಬೇಕು. ಸೊಪ್ಪು, ದರಕು ತರಲು ಹೋಗುವವರು ಮೈತುಂಬ ಬಟ್ಟೆ ಧರಿಸಿ ಉಣ್ಣೆ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯಬೇಕು. ರೋಗಕ್ಕೆ ಹೆದರಿ ಮಂಗವನ್ನು ಹೊಡೆಯುವುದರಿಂದ ಉಣ್ಣೆ ಕಡಿಮೆಯಾಗುವುದಿಲ್ಲ.

ಇನ್ನು ಮಾಡಿನೊಳಗಿನ ಸದ್ದು. ಮಂಗಳೂರು ಹಂಚಿಗೂ ಕೆಳಗಿನ ಹಲಗೆಗೂ ನಡುವಿನ ಜಾಗ ಒಣಗಿರುತ್ತದೆ, ಬೆಚ್ಚಗಿರುತ್ತದೆ, ಯಾರೂ ಹತ್ತುವುದಿಲ್ಲ. ಸದ್ದು ಪರಪರನೆ, ಹಲವು ಕಡೆ ಒಟ್ಟಿಗೆ ಕೇಳಿದರೆ ಇಲಿ. ಭಾರವಾದ ಹೆಜ್ಜೆಯ ಸದ್ದು ಸಂಜೆ ಕತ್ತಲಾಗುತ್ತಲೇ ಒಮ್ಮೆ, ಬೆಳಗಿನ ಜಾವ ಒಮ್ಮೆ ಕೇಳಿದರೆ ಅದು ಬಹುತೇಕ ಕಬ್ಬೆಕ್ಕು. ಬೈನೆ, ಅತ್ತಿ, ಕಾಫಿ ಹಣ್ಣುಗಳನ್ನು ತಿಂದು ಬೀಜವನ್ನು ಊರತುಂಬ ಹರಡುವ, ಇಲಿಯನ್ನೂ ಹಿಡಿಯುವ ಈ ನಿಶಾಚರಿಯಿಂದ ಮನೆಗೆ ಆಗುವ ಹಾನಿ ನಾತ ಮತ್ತು ನಿದ್ದೆಗೇಡಿನದು. ಅದನ್ನು ಹೊರಹಾಕುವ ಕ್ರಮ ಸರಳ, ಆದರೆ ತಾಳ್ಮೆ ಬೇಕು. ಅದು ಓಡಾಡುವ ಸಂದಿ ಯಾವುದೆಂದು ತಿಳಿಯಲು ಅನುಮಾನವಿದ್ದ ಕಡೆಯಲ್ಲೆಲ್ಲ ತೆಳುವಾಗಿ ಬೂದಿ ಹರಡಿ, ಮರುದಿನ ಹೆಜ್ಜೆಯ ಗುರುತು ನೋಡಬೇಕು. ಮರಿಗಳ ಸಣ್ಣ ಕೂಗು ಕೇಳುತ್ತಿದ್ದರೆ ಅವು ಬೆಳೆದು ತಾಯಿಯ ಹಿಂದೆ ಹೊರಡುವವರೆಗೆ ಕೆಲವು ವಾರ ಕಾಯುವುದೇ ಒಳ್ಳೆಯದು. ತಾಯಿ ಹೊರಗಿದ್ದಾಗ ಸಂದಿ ಮುಚ್ಚಿದರೆ ಮರಿಗಳು ಒಳಗೇ ಸತ್ತು ಕೊಳೆಯುತ್ತವೆ, ತಾಯಿ ಹಂಚು ಕಿತ್ತು ಒಳನುಗ್ಗಲು ಹೆಣಗುತ್ತದೆ. ಮರಿಗಳಿಲ್ಲದಿದ್ದರೆ ರಾತ್ರಿ ಅದು ಹೊರಟ ಮೇಲೆ ಕಬ್ಬಿಣದ ಜಾಳಿಗೆಯಿಂದ ಸಂದಿಯನ್ನು ಭದ್ರಪಡಿಸಬೇಕು. ಗೋಣಿಚೀಲ, ಬಟ್ಟೆ ತುರುಕುವುದರಿಂದ ಏನೂ ಆಗದು. ಹುಳ ತಿನ್ನುವ ಸಣ್ಣ ಬಾವಲಿಗಳಿಗೂ ಇದೇ ಕ್ರಮ. ಅವುಗಳ ಒಣಗಿದ ಹಿಕ್ಕೆಯನ್ನು ಗುಡಿಸುವ ಮೊದಲು ನೀರು ಚಿಮುಕಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಇಲಿಗೆ ವಿಷ ಇಡುವವರು ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಇಂದು ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಗೆಯ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಹಲವು ದಿನಗಳಲ್ಲಿ ಕೊಲ್ಲುತ್ತದೆ. ಅಷ್ಟರಲ್ಲಿ ನಿತ್ರಾಣವಾಗಿ ತೂರಾಡುವ ಇಲಿಯನ್ನು ಗೂಬೆಯೋ, ಕಬ್ಬೆಕ್ಕೋ, ಮನೆಯ ಬೆಕ್ಕೋ ಹಿಡಿದು ತಿಂದರೆ ವಿಷ ಅದರ ಮೈಗೂ ಸೇರುತ್ತದೆ. ಇಲಿ ಮೂರು ವಾರಗಳ ಗರ್ಭದಲ್ಲಿ ಆರೆಂಟು ಮರಿ ಹಾಕುವ ಪ್ರಾಣಿ. ಅದನ್ನು ತಿನ್ನುವ ಗೂಬೆ, ಕೇರೆಹಾವುಗಳು ಅಷ್ಟು ಬೇಗ ಹೆಚ್ಚುವುದಿಲ್ಲ. ಹಳದಿ ರಂಜಕದ ಇಲಿಪಾಷಾಣವಂತೂ ಮಕ್ಕಳಿರುವ ಮನೆಗೆ ಬರಲೇಬಾರದು. ಅದಕ್ಕೆ ಪ್ರತಿಮದ್ದು ಇಲ್ಲ. ಅಂಟು ಹಲಗೆಯಲ್ಲಿ ಇಲಿಗಿಂತ ಮೊದಲು ಹಲ್ಲಿಯೂ ಮರಿಹಾವೂ ಸಿಕ್ಕಿಬಿದ್ದು ನರಳುತ್ತವೆ. ಬೋನು ಸಾಕು, ಜೊತೆಗೆ ಸಂದಿ ಮುಚ್ಚುವ ಕೆಲಸ. ಕಿರುಬೆರಳು ಹಿಡಿಸುವ ತೂತಿನಲ್ಲಿ ಸುಂಡಿಲಿ ನುಸುಳಬಲ್ಲದು. ಕರಾವಳಿಯಲ್ಲಿ ಹೆಗ್ಗಣಗಳು ಗಟಾರದ ಗೋಡೆ, ಮನೆಯ ಪಂಚಾಂಗ ಕೊರೆದು ಮಳೆಗಾಲದಲ್ಲಿ ನೀರು ನಿಲ್ಲುವಂತೆ ಮಾಡುತ್ತವೆ. ಆ ನೀರಿನಲ್ಲಿ ಕಾಲಿನ ಗಾಯದೊಡನೆ ನಡೆದವರಿಗೆ ಇಲಿಜ್ವರ ಬರುವ ಸಾಧ್ಯತೆ ಇದೆ. ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಮೀನು ಹೆಚ್ಚಿದ ತ್ಯಾಜ್ಯವನ್ನು ಗಟಾರಕ್ಕೆ ಎಸೆಯುವ ರೂಢಿ ನಿಂತರೆ ಹೆಗ್ಗಣ, ಕಾಗೆ, ಬೀದಿನಾಯಿ ಮೂರೂ ಒಟ್ಟಿಗೆ ಕಡಿಮೆಯಾಗುತ್ತವೆ. ಆ ತ್ಯಾಜ್ಯ ತೆಂಗಿನ ಬುಡದಲ್ಲಿ ಆಳವಾಗಿ ಹೂಳಿದರೆ ಒಳ್ಳೆಯ ಗೊಬ್ಬರ.

ಹಾವುಗಳ ವಿಷಯದಲ್ಲಿ ಇನ್ನೂ ಗಂಭೀರವಾಗಿ ಮಾತನಾಡಬೇಕಾಗಿದೆ, ಏಕೆಂದರೆ ಇಲ್ಲಿ ಜೀವದ ಪ್ರಶ್ನೆ ಇದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಹಾವು ಮನೆಗೆ ಬರುವುದು ಇಲಿ, ಕಪ್ಪೆಗಳ ಜಾಡು ಹಿಡಿದು. ಅದು ನಿಲ್ಲುವುದು ಕಟ್ಟಿಗೆ ರಾಶಿ, ಅಡಿಕೆ ಸಿಪ್ಪೆಯ ಗುಡ್ಡೆ, ಹಳೆಯ ಹಂಚು, ಸೋಗೆಯ ಹೊರೆಗಳ ಅಡಿಯಲ್ಲಿ. ಇವುಗಳನ್ನು ಗೋಡೆಗೆ ಒತ್ತಿ ಪೇರಿಸದೆ, ಮನೆಯಿಂದ ದೂರದಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದ ಅಟ್ಟಣೆಯ ಮೇಲಿಟ್ಟರೆ ಅರ್ಧ ಕೆಲಸ ಮುಗಿಯಿತು. ಬಚ್ಚಲ ಮೋರಿಗೆ ಜಾಳಿಗೆ, ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಬೇಕು. ಬೆಳ್ಳುಳ್ಳಿ, ಫಿನಾಯಿಲ್, ಕಾರ್ಬಾಲಿಕ್ ಆಸಿಡ್ ಚೆಲ್ಲಿದರೆ ಹಾವು ಬರುವುದಿಲ್ಲವೆಂಬ ನಂಬಿಕೆಯನ್ನು ನೆಚ್ಚಬೇಡಿ. ಆಸಿಡ್ ಸುಡುವುದು ಮಕ್ಕಳ ಕಾಲನ್ನು. ನೆಲದ ಮೇಲೆ ಮಲಗುವ ರೂಢಿ ಇರುವ ಮನೆಗಳಲ್ಲಿ ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಳ್ಳಬೇಕು. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಇಲ್ಲದ ಕಾರಣ ಹಲವರಿಗೆ ಕಚ್ಚಿದ್ದೇ ತಿಳಿಯುವುದಿಲ್ಲ. ಬೆಳಗ್ಗೆ ರೆಪ್ಪೆ ಜೋತುಬಿದ್ದು, ಹೊಟ್ಟೆನೋವೆಂದು, ಮಾತು ತೊದಲುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕಚ್ಚಿದ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಮೊದಲು ಗಾವಟಿ ಔಷಧ ಕೊಡಿಸಿ ನೋಡೋಣವೆಂದು ಕಾಯುವುದು, ಇವೆಲ್ಲವೂ ಪ್ರಾಣ ತೆಗೆಯುವ ವಿಳಂಬಗಳು. ಉಂಗುರ, ಬಳೆ, ಗೆಜ್ಜೆ ತೆಗೆದು, ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ ಒಯ್ಯಿರಿ. ನಾವು ಬಳಸುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ ತಯಾರಾದದ್ದು. ನಮ್ಮ ತೋಟಗಳಲ್ಲಿ ಕಾಣುವ, ಒಣ ಎಲೆಯ ಬಣ್ಣದ, ಮೂಗಿನ ತುದಿ ಮೇಲೆದ್ದ ಸಣ್ಣ ಗುಳಿಮಂಡಲಕ್ಕೆ ಅದು ಹೊಂದುವುದಿಲ್ಲ; ಆದ್ದರಿಂದ ದೂರದಿಂದ ಫೋಟೋ ಸಿಕ್ಕರೆ ವೈದ್ಯರಿಗೆ ತೋರಿಸಿ, ಹಾವನ್ನು ಹೊಡೆದು ತರಲು ಹೋಗಬೇಡಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಸದಾ ಇರುತ್ತದೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಇಟ್ಟುಕೊಳ್ಳುವುದು ಪ್ರತಿ ಮನೆಯ ಕರ್ತವ್ಯವೆಂದು ನಾನು ತಿಳಿಯುತ್ತೇನೆ.

ಮನೆಯೊಳಗೆ ಹಾವು ಕಂಡಾಗ ಒಬ್ಬರು ಅದರ ಮೇಲೆ ಕಣ್ಣಿಟ್ಟು ದೂರದಲ್ಲಿ ನಿಲ್ಲಬೇಕು, ಇನ್ನೊಬ್ಬರು ಅರಣ್ಯ ಇಲಾಖೆಗೋ, ತರಬೇತಾದ ಉರಗರಕ್ಷಕರಿಗೋ ಕರೆ ಮಾಡಬೇಕು. ಹಿಡಿದ ಹಾವನ್ನು ಕೈಯಲ್ಲಿ ಆಡಿಸಿ ವಿಡಿಯೋ ಮಾಡುವವರನ್ನು ದಯವಿಟ್ಟು ಪ್ರೋತ್ಸಾಹಿಸಬೇಡಿ. ಕಾಳಿಂಗ ಸರ್ಪ ಬಂದರೆ ಭಯ ಹೆಚ್ಚು, ಸಹಜ. ಆದರೆ ಅದರ ಮುಖ್ಯ ಆಹಾರ ಬೇರೆ ಹಾವುಗಳು, ಹೆಚ್ಚಾಗಿ ಕೇರೆಯ ಬೆನ್ನಟ್ಟಿ ಬಂದಿರುತ್ತದೆ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಅಂದರೆ ನಮ್ಮ ಬೆಟ್ಟದಲ್ಲಿರುವುದು ಈ ಘಟ್ಟಸಾಲಿಗೆ ಸೀಮಿತವಾದ ಜೀವಿ.

ಕಾಡುಹಂದಿ ಮತ್ತು ಮುಳ್ಳುಹಂದಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗೆಡ್ಡೆಗೆಣಸು ಬೆಳೆಯುವ ಜಾಗವನ್ನು ತಂತಿ ಜಾಳಿಗೆಯಿಂದ, ಅದರ ಬುಡವನ್ನು ಒಂದಡಿ ನೆಲದೊಳಗೆ ಹೂತು, ಭದ್ರಪಡಿಸುವುದು ಹಿತ್ತಲಿನ ಮಟ್ಟಿಗೆ ಸಾಕು. ಸೌರಬೇಲಿಯಲ್ಲಿ ಹರಿಯುವುದು ಕ್ಷಣಾರ್ಧದ ಮಿಡಿತದ ವಿದ್ಯುತ್. ಅದು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವುದು ಹಾಗಲ್ಲ. ಅದು ದನವನ್ನು, ರಾತ್ರಿ ನೀರು ಬಿಡಲು ಹೋದ ನೆರೆಯವನನ್ನು, ಕೆಲವೊಮ್ಮೆ ಕಟ್ಟಿದವನನ್ನೇ ಕೊಂದಿದೆ. ಅದು ಘೋರ ಅಪರಾಧ. ಸಿಡಿಮದ್ದು, ಉರುಳುಗಳಿಗೂ ಇದೇ ಮಾತು.

ಚಿರತೆ ಬಡಾವಣೆಗೆ ಬರುವುದು ಬಹುಮಟ್ಟಿಗೆ ನಾಯಿಗಾಗಿ. ಬೀದಿನಾಯಿಗಳು ಸೇರುವುದು ಕಸದ ರಾಶಿಗೆ. ಬೋನಿಟ್ಟು ಹಿಡಿದು ದೂರ ಬಿಡುವುದರ ಫಲವನ್ನು ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಹೊರಗಿನ ಚಿರತೆಗಳನ್ನು ತಂದು ಬಿಟ್ಟ ಜಾಗಗಳ ಸುತ್ತ ಜನರ ಮೇಲಿನ ದಾಳಿ ಹೆಚ್ಚಿತ್ತು. ಗೊತ್ತಿಲ್ಲದ ನೆಲದಲ್ಲಿ, ಹಿಡಿದ ಸಂಕಟದಲ್ಲಿ ಬಿಟ್ಟ ಪ್ರಾಣಿ ಹೆಚ್ಚು ಅಪಾಯಕಾರಿಯಾಗುವುದು ಆಶ್ಚರ್ಯವಲ್ಲ. ಆದ್ದರಿಂದ ಒಮ್ಮೆ ಕಂಡಿತೆಂಬ ಕಾರಣಕ್ಕೆ ಬೋನಿಡಿರೆಂದು ಅರಣ್ಯ ಸಿಬ್ಬಂದಿಯ ಮೇಲೆ ಒತ್ತಡ ತರಬೇಡಿ. ನಾಯಿಯನ್ನು ರಾತ್ರಿ ಒಳಗೆ ಅಥವಾ ಮುಚ್ಚಿದ ಗೂಡಿನಲ್ಲಿರಿಸಿ, ಕೊಟ್ಟಿಗೆಯ ಬಾಗಿಲು ಭದ್ರಪಡಿಸಿ, ಸಂಜೆಯಾದ ಮೇಲೆ ಸಣ್ಣ ಮಕ್ಕಳನ್ನು ಒಂಟಿಯಾಗಿ ಅಂಗಳಕ್ಕೆ ಬಿಡಬೇಡಿ. ಕಂಡಾಗ ಗುಂಪುಗೂಡಿ ಅಟ್ಟಾಡಿಸಿದರೆ ಮಾತ್ರ ಅದು ದಿಕ್ಕು ತಪ್ಪಿ ಯಾರದೋ ಮನೆಗೆ ನುಗ್ಗುತ್ತದೆ. ದಾರಿ ಬಿಟ್ಟರೆ ಕತ್ತಲಲ್ಲಿ ತಾನೇ ಹೋಗುತ್ತದೆ.

ಕೊನೆಯದಾಗಿ ಹಣದ ವಿಷಯ. ಇಷ್ಟೆಲ್ಲ ಕ್ರಮಗಳ ಖರ್ಚು ಮತ್ತು ನಷ್ಟ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಹಳೆಯ ಹಂಚಿನ ಮನೆಯವರಿಗೆ, ಹತ್ತಾರು ತೆಂಗು, ಬಾಳೆ ನಂಬಿಕೊಂಡವರಿಗೆ ಏಟು ಹೆಚ್ಚು. ಆರ್‌ಸಿಸಿ ಮನೆಯವರಿಗೆ ಕಡಿಮೆ. ಆದರೆ ಮಂಗಗಳನ್ನು ಕರೆಯುವ ಕಸ ಎಲ್ಲರದೂ ಹೌದು. ಆದ್ದರಿಂದ ಬಡಾವಣೆಯ ವಂತಿಗೆಯಲ್ಲಿ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಟ್ಟು, ತಗಡು, ಜಾಳಿಗೆ, ಕೊಂಬೆ ಸವರುವ ಕೂಲಿಯನ್ನು ಅದರಿಂದ ಕೊಡಬೇಕೆಂಬುದು ನನ್ನ ಸಲಹೆ. ಖಾಲಿ ಸೈಟುಗಳ ಮಾಲೀಕರಿಗೆ ನಗರಸಭೆಯಿಂದ ನೋಟಿಸು ಕೊಡಿಸಿ ಜಿಗ್ಗು ಸವರಿಸುವುದು, ವಿದ್ಯುತ್ ತಂತಿಗೆ ತಾಗುವ ಕೊಂಬೆಗಳ ಪಟ್ಟಿ ಮಾಡಿ ವಿದ್ಯುತ್ ಕಂಪನಿ ಹೆಸ್ಕಾಂಗೆ ಬರೆದುಕೊಡುವುದು, ಕಸದ ಗಾಡಿ ಬರುವ ಹೊತ್ತನ್ನು ನಿಗದಿಪಡಿಸಿಕೊಳ್ಳುವುದು, ಈ ಮೂರೂ ಕೆಲಸ ಮೇ ತಿಂಗಳು ಮುಗಿಯುವುದರೊಳಗೆ ಆಗಬೇಕು. ಪ್ರತಿ ಸಾಲಿನ ಮನೆಗಳಿಂದ ಒಬ್ಬೊಬ್ಬರು ಹೆಸರು ಕೊಟ್ಟರೆ ಅರ್ಜಿಗಳನ್ನು ಬರೆಯಲು ನಾನು ಜೊತೆಗಿರುತ್ತೇನೆ.